ನಿನ್ನ ಮದುಮಗಳಿಗೆ ಎಚ್ಚರ ತಪ್ಪದಿರಲಿ

ಮೈಸೂರು
ಕಾರ್ತಿಕದ ಒಂದು ಸಂಜೆ

ಚಿ. ಸೌ. ಪುಟ್ಟಿಗೆ,

 

ನೀನು ಕಳಿಸಿದ ಕಾದಂಬರಿಯ ಮೂರು ಅಧ್ಯಾಯಗಳನ್ನು ನಿನ್ನ ಅಣ್ಣ ಪ್ರಿಂಟು ಹಾಕಿಸಿ ತಂದುಕೊಟ್ಟ. ಮೊಬೈಲಿನಲ್ಲಿ ಓದುವುದಕ್ಕೆ ನನ್ನ ಕಣ್ಣು ಒಪ್ಪುವುದಿಲ್ಲ. ನಿನ್ನೆ ದೀಪ ಹಚ್ಚಿ ಜಗಲಿಯಲ್ಲಿ ಕೂತವಳು ಎದ್ದಾಗ ಒಂಬತ್ತು ದಾಟಿತ್ತು, ಒಲೆಯ ಮೇಲಿಟ್ಟ ಸಾರು ತಳ ಹಿಡಿದಿತ್ತು. ಮದುವೆಯಾಗಿ ವರ್ಷ ತುಂಬದ ಹುಡುಗಿ ಲೀಡ್ಸಿನ ಚಳಿಯಲ್ಲಿ ಕೂತು, ವಿಕ್ಟೋರಿಯಾ ರಾಣಿಯ ಕಾಲದ ಭೂತಬಂಗಲೆಯೊಂದನ್ನು ಕನ್ನಡದಲ್ಲಿ ಕಟ್ಟುತ್ತಿದ್ದಾಳೆ ಅಂದರೆ, ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳಿಗೆ ಹಿಗ್ಗಾಗದೆ ಇರುತ್ತದೆಯೇ? ಒಂದು ಸಲವೂ ಇಂಗ್ಲೆಂಡಿನ ಮುಖ ನೋಡದೆ ಅದರ ಕಥೆಗಳನ್ನೆಲ್ಲ ಕಲಿಸಿದವಳು ನಾನು. ಆ ಧೈರ್ಯದ ಮೇಲೆಯೇ ಈಗ ನಿನಗೂ ನಾಲ್ಕು ಮಾತು ಹೇಳುತ್ತಿದ್ದೇನೆ.

ಮಂಜು ಚೆನ್ನಾಗಿದೆ. ಮೆಟ್ಟಿಲು ಕಿರುಗುಟ್ಟುವುದು ನನ್ನ ಕಿವಿಗೇ ಕೇಳಿಸಿತು. ಗಂಡಹೆಂಡಿರ ಸರಸವನ್ನೂ ಅತಿ ಮಾಡದೆ ಬರೆದಿದ್ದೀಯ. ಆದರೆ ಮೂರನೆಯ ಅಧ್ಯಾಯದಲ್ಲಿ ಹೆಂಡತಿಗೆ ನಿದ್ದೆ ಹತ್ತಿದ ಮೇಲೆ ಆ ಹುಡುಗ ಗೋಡೆಯ ಮೇಲಿದ್ದ ಮಾಯಾಖಡ್ಗ ಇಳಿಸಿಕೊಂಡು ಒಬ್ಬನೇ ನೆಲಮಾಳಿಗೆಗೆ ಹೋಗುತ್ತಾನೆ. ‘ಇವಳಿಗೆ ಗೊತ್ತಾಗುವುದು ಬೇಡ, ಹೆದರಿಕೊಂಡಾಳು’ ಅಂದುಕೊಳ್ಳುತ್ತಾನೆ. ಅವಳು ಎದ್ದು ಹುಡುಕಿಕೊಂಡು ಬಂದು, ದೆವ್ವವನ್ನು ಕಂಡು ಎಚ್ಚರ ತಪ್ಪಿ ಬೀಳುತ್ತಾಳೆ. ಪುಟ್ಟೀ, ಅಲ್ಲಿಗೆ ಬಂದಾಗ ನಾನು ಕನ್ನಡಕ ತೆಗೆದಿಟ್ಟು ಒಳಗೆ ಹೋಗಿ ಒಂದು ಲೋಟ ಕಾಫಿ ಮಾಡಿಕೊಂಡೆ.

ಕತ್ತಿಯ ಬಗ್ಗೆ ನನ್ನ ತಕರಾರಿಲ್ಲ. ‘ಹೆದರಿಕೊಂಡಾಳು’ ಅನ್ನುವ ಆ ಮಾತಿನ ಬಗ್ಗೆ ಇದೆ.

ಈ ಗಾಥಿಕ್ ಜಾತಿಯ ಕಥೆ ಹುಟ್ಟಿದ್ದೇ ಮದುವೆಮನೆಯಲ್ಲಿ. ಹೊರೇಸ್ ವಾಲ್‌ಪೋಲ್ 1764ರಲ್ಲಿ ಪ್ರಕಟಿಸಿದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದ ಮೊದಲ ಪುಟಗಳಲ್ಲೇ ಮದುವೆಯ ದಿನ ಎಲ್ಲಿಂದಲೋ ಬಂದ ದೈತ್ಯಾಕಾರದ ಶಿರಸ್ತ್ರಾಣವೊಂದು ಮದುಮಗನನ್ನು ಅಪ್ಪಚ್ಚಿ ಮಾಡುತ್ತದೆ. 1818ರ ‘ಫ್ರಾಂಕನ್‌ಸ್ಟೈನ್’ನಲ್ಲಿ ರಾಕ್ಷಸ ಸೇಡು ತೀರಿಸಿಕೊಳ್ಳಲು ಕಾಯುವುದು ಮೊದಲ ರಾತ್ರಿಗೇ. 1847ರ ‘ಜೇನ್ ಏರ್’ನಲ್ಲಿ ಮದುವೆಗೆ ಎರಡು ರಾತ್ರಿ ಇರುವಾಗ ಯಾರೋ ಕೋಣೆಗೆ ಬಂದು ಮದುಮಗಳ ಮೇಲುಮುಸುಕನ್ನು ಹರಿದು ತುಳಿದುಹೋಗುತ್ತಾರೆ. ಭೂತಗಳಿಗೆ ಮದುಮಕ್ಕಳ ಮೇಲೇ ಯಾಕಿಷ್ಟು ಕಣ್ಣು ಎಂದು ಕ್ಲಾಸಿನಲ್ಲಿ ಕೇಳುತ್ತಿದ್ದೆ. ಹುಡುಗರು ನಗುತ್ತಿದ್ದರು. ಹುಡುಗಿಯರು ನಗುತ್ತಿರಲಿಲ್ಲ.

ಮದುವೆಯಾಗಿ ಬಂದವಳಿಗೆ ಅದು ಅಪರಿಚಿತರ ಮನೆ, ಒಳಗಿನ ಬಾಗಿಲುಗಳು ಯಾವುದಕ್ಕೆ ತೆರೆದುಕೊಳ್ಳುತ್ತವೋ ಗೊತ್ತಿಲ್ಲ, ಕೀಲಿಗೊಂಚಲು ಇನ್ನೊಬ್ಬರ ಸೊಂಟದಲ್ಲಿ. ಸಾಲದ್ದಕ್ಕೆ ಕಾನೂನು. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ದುಡ್ಡು, ಒಡವೆ, ಕೊನೆಗೆ ಅವಳು ದುಡಿದ ಸಂಬಳವೂ ಗಂಡನದ್ದಾಗುತ್ತಿತ್ತು. 1870ರ ಕಾಯ್ದೆ ದುಡಿಮೆಯನ್ನು ಅವಳ ಕೈಗೆ ಕೊಟ್ಟಿತು. 1882ರ ಕಾಯ್ದೆ 1883ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ಆಸ್ತಿಯೂ ಅವಳ ಹೆಸರಿನಲ್ಲೇ ಉಳಿಯಿತು. ವಿಲ್ಕಿ ಕಾಲಿನ್ಸ್ 1859ರಲ್ಲಿ ಧಾರಾವಾಹಿಯಾಗಿ ಶುರು ಮಾಡಿದ ‘ದಿ ವುಮನ್ ಇನ್ ವೈಟ್’ನಲ್ಲಿ ಹೆಂಡತಿಯ ಇಪ್ಪತ್ತು ಸಾವಿರ ಪೌಂಡಿನ ಆಸೆಗೆ ಅವಳನ್ನು ಬೇರೆಯವಳ ಹೆಸರಿನಲ್ಲಿ ಹುಚ್ಚಾಸ್ಪತ್ರೆಗೆ ಹಾಕುತ್ತಾರೆ. ಅಷ್ಟು ದಪ್ಪ ಪುಸ್ತಕದಲ್ಲಿ ನಿಜವಾದ ದೆವ್ವ ಒಂದೂ ಇಲ್ಲ, ಆದರೂ ರಾತ್ರಿ ದೀಪ ಆರಿಸಲು ಕೈ ಬರುವುದಿಲ್ಲ. ಅದಕ್ಕೇ ಕೇಳುತ್ತೇನೆ, ನಿನ್ನ ಕಥೆ ನಡೆಯುವುದು ಯಾವ ಇಸವಿಯಲ್ಲಿ? 1883ಕ್ಕೆ ಮೊದಲೋ ಆಮೇಲೋ? ಆ ಬಂಗಲೆ ನಾಯಕಿಯ ತವರಿನಿಂದ ಬಂದದ್ದು ಎಂದು ಬರೆದಿದ್ದೀಯ. ಹಾಗಿದ್ದರೆ ದೆವ್ವ ಯಾರ ಮಾತು ಕೇಳಬೇಕು ಎನ್ನುವುದೇ ಒಂದು ವ್ಯಾಜ್ಯವಾಗುತ್ತದಲ್ಲ!

ನೀನು ಈಡಿತ್ ನೆಸ್ಬಿಟ್ ಓದಿದ್ದೀಯ. ಚಿಕ್ಕಂದಿನಲ್ಲಿ ನಾನೇ ಓದಿ ಹೇಳಿದ ‘ದಿ ರೈಲ್ವೇ ಚಿಲ್ಡ್ರನ್’ ಬರೆದವಳು. ಮಕ್ಕಳ ಲೇಖಕಿಯಾಗಿ ಹೆಸರು ಮಾಡುವುದಕ್ಕೆ ಮೊದಲೇ ಆಕೆ ಭೂತದ ಕಥೆ ಬರೆಯುತ್ತಿದ್ದಳು. 1887ರಲ್ಲಿ ಅಚ್ಚಾದ ‘ಮ್ಯಾನ್-ಸೈಜ್ ಇನ್ ಮಾರ್ಬಲ್’ ಅನ್ನು ಇಂದೇ ಹುಡುಕಿ ಓದು. ಆಮೇಲೆ ನಿನ್ನ ಮೂರನೆಯ ಅಧ್ಯಾಯ ನಿನಗೇ ಹಿಡಿಸುವುದಿಲ್ಲ.

ಅದರಲ್ಲಿರುವವರೂ ಹೊಸ ದಂಪತಿ. ಆತ ಚಿತ್ರ ಬರೆಯುತ್ತಾನೆ, ಲಾರಾ ಕಥೆ ಬರೆಯುತ್ತಾಳೆ, ಕೈಯಲ್ಲಿ ಹೆಚ್ಚು ಕಾಸಿಲ್ಲ. ಕೆಂಟ್ ಸೀಮೆಯ ಬ್ರೆನ್ಜೆಟ್ ಎಂಬ ಊರಿನಲ್ಲಿ ಚಂದದ ಹಳೆಯ ಮನೆಯೊಂದು ಬಾಡಿಗೆಗೆ ಸಿಗುತ್ತದೆ. ಅಡುಗೆ ಕಸಮುಸುರೆಗೆ ಮಿಸೆಸ್ ಡೋರ್ಮನ್ ಎಂಬ ಹೆಂಗಸು ಬರುತ್ತಾಳೆ. ಅಕ್ಟೋಬರ್ ಕೊನೆ ಬಂತು, ಆಕೆ ಇದ್ದಕ್ಕಿದ್ದ ಹಾಗೆ ‘ನಾನು ಊರಿಗೆ ಹೋಗಲೇಬೇಕು’ ಎಂದು ಹಟ ಹಿಡಿಯುತ್ತಾಳೆ. ಇನ್ನು ಮುಸುರೆ ತಿಕ್ಕುವವರು ಯಾರು ಎಂದು ಲಾರಾ ಅತ್ತುಬಿಡುತ್ತಾಳೆ. (ಮದುವೆಯಾದ ಹೊಸತರಲ್ಲಿ ನಿನ್ನಮ್ಮ ಅತ್ತದ್ದೂ ಇದಕ್ಕೇ. ನಾನು ಹೇಳಿದೆ ಅನ್ನಬೇಡ.) ಗಂಡ ಆ ಹೆಂಗಸನ್ನು ಕೆದಕಿ ಕೆದಕಿ ವಿಷಯ ಹೊರಡಿಸುತ್ತಾನೆ. ಊರ ಚರ್ಚಿನಲ್ಲಿ ಆಳೆತ್ತರದ ಎರಡು ಅಮೃತಶಿಲೆಯ ಯೋಧರು ಮಲಗಿದ್ದಾರೆ, ಬದುಕಿದ್ದಾಗ ಮಹಾ ಪಾಪಿಗಳು. ಅಕ್ಟೋಬರ್ 31ರ ರಾತ್ರಿ ಹನ್ನೊಂದು ಹೊಡೆದಾಗ ಎದ್ದು, ಒಂದು ಕಾಲದಲ್ಲಿ ತಮ್ಮ ಮನೆಯಿದ್ದ ಜಾಗಕ್ಕೆ ನಡೆದು ಬರುತ್ತಾರೆ. ಆ ಜಾಗದಲ್ಲೇ ಈಗ ಈ ಬಾಡಿಗೆ ಮನೆ ನಿಂತಿರುವುದು.

ಗಂಡ ಇದನ್ನು ಕೇಳಿ ನಗುತ್ತಾನೆ, ಹೆಂಡತಿಗೆ ಮಾತ್ರ ಹೇಳುವುದಿಲ್ಲ. ಅದೇ ನೆಪ, ಹೆದರಿಕೊಂಡಾಳು. ಆ ರಾತ್ರಿ ಲಾರಾಳ ಮನಸ್ಸು ಭಾರವಾಗಿದೆ, ಕಾರಣ ಅವಳಿಗೇ ಗೊತ್ತಿಲ್ಲ. ಆತ ಪೈಪು ಸೇದಲು ಒಬ್ಬನೇ ಹೊರಗೆ ಅಡ್ಡಾಡಲು ಹೋಗುತ್ತಾನೆ. ಚರ್ಚಿಗೆ ಹೋಗಿ ನೋಡಿದರೆ ಕಲ್ಲುಹಾಸು ಖಾಲಿ! ಎದೆ ಒಡೆದುಕೊಂಡು ಮನೆಯ ಕಡೆ ಓಡುವಾಗ ಪರಿಚಯದ ಡಾಕ್ಟರೊಬ್ಬ ಎದುರಾಗಿ, ‘ಭ್ರಮೆ, ಬಾ ತೋರಿಸುತ್ತೇನೆ’ ಎಂದು ವಾಪಸು ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಮೂರ್ತಿಗಳು ಸ್ವಸ್ಥಾನದಲ್ಲಿವೆ, ಒಂದರ ಕೈ ಮಾತ್ರ ಮುರಿದಿದೆ. ಮನೆಗೆ ಬಂದಾಗ ಕೋಣೆಯ ತುಂಬ ಮೇಣದ ಬತ್ತಿ ಉರಿಯುತ್ತಿವೆ, ಅವಳು ಕತ್ತಲಿಗೆ ಹೆದರಿ ಹಚ್ಚಿಟ್ಟದ್ದು. ಅವಳಿಗೆ ಜೀವವಿಲ್ಲ. ಅವಳ ಬಿಗಿಮುಷ್ಟಿಯಲ್ಲಿ ಬೂದುಬಣ್ಣದ ಕಲ್ಲಿನ ಬೆರಳೊಂದಿದೆ.

ಆ ಬೆರಳನ್ನು ನೋಡು, ಪುಟ್ಟೀ. ಅವಳು ಎಚ್ಚರ ತಪ್ಪಿ ಬಿದ್ದವಳಲ್ಲ. ಕಲ್ಲಿನ ಯೋಧನ ಬೆರಳು ಮುರಿಯುವಷ್ಟು ಹೋರಾಡಿದ್ದಾಳೆ. ಯಾರ ಜೊತೆ ಹೋರಾಡುತ್ತಿದ್ದೇನೆ ಎಂದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಮೊದಲೇ ತಿಳಿದಿದ್ದರೆ ಇಬ್ಬರೂ ಸೇರಿ ಅದೊಂದು ರಾತ್ರಿ ಬೇರೆ ಊರಿನಲ್ಲಿ ಕಳೆದು ಬರಬಹುದಿತ್ತು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬ್ರೆನ್ಜೆಟ್ ನಿಜವಾದ ಊರು. ಅಲ್ಲಿನ ಚರ್ಚಿನ ಸಮಾಧಿಯೊಂದರ ಮೇಲೆ ತಂದೆ-ಮಗನ ಎರಡು ಕಲ್ಲಿನ ಮೂರ್ತಿಗಳು ಮಲಗಿರುವುದೂ ನಿಜ. ನೆಸ್ಬಿಟ್ಟಳಿಗೆ ಬೇಕಾಗಿದ್ದದ್ದು ಅಷ್ಟೇ. ಉಳಿದದ್ದು ಅವಳ ಮನೆಯಲ್ಲೇ ಇತ್ತು. 1880ರಲ್ಲಿ ಅವಳು ಮದುವೆಯಾದ ಹ್ಯೂಬರ್ಟ್ ಬ್ಲಾಂಡ್‌ಗೆ ಬೇರೆ ಹೆಂಗಸಿನಿಂದ ಮಗು ಇತ್ತು. ಮುಂದೆ ಅವಳ ಗೆಳತಿ ಆಲಿಸ್ ಹೋಟ್ಸನ್‌ಗೂ ಆತನಿಂದ ಮಗು ಆಯಿತು, ಅದನ್ನು ಈಡಿತ್ ತನ್ನ ಮಗುವೆಂದೇ ಬೆಳೆಸಿದಳು. ಗಂಡ ಮುಚ್ಚಿಟ್ಟದ್ದು ರಾತ್ರಿ ಎದ್ದು ನಡೆದು ಬರುತ್ತದೆ ಎನ್ನುವುದನ್ನು ಅವಳು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ.

ಇನ್ನು ನನ್ನ ಕಥೆ. ನೀನು ಕೇಳಿಲ್ಲ, ನಿನ್ನಮ್ಮನಿಗೂ ಅರ್ಧ ಮಾತ್ರ ಗೊತ್ತು. 1974ರಲ್ಲಿ ನಾನು ಮಲೆನಾಡಿನ ಆ ದೊಡ್ಡ ಮನೆಗೆ ಸೊಸೆಯಾಗಿ ಹೋದಾಗ ಉಪ್ಪರಿಗೆಯ ಮೇಲೆ ಬೀಗ ಹಾಕಿದ ಒಂದು ಕೋಣೆಯಿತ್ತು. ಸರಿರಾತ್ರಿಯಲ್ಲಿ ಅಲ್ಲಿ ದಡಬಡ ಸದ್ದು. ನಿಮ್ಮ ದೊಡ್ಡಪ್ಪನನ್ನು ಕೇಳಿದರೆ ‘ಇಲಿ’ ಅಂದರು. ಅತ್ತೆಯವರನ್ನು ಕೇಳಿದರೆ ‘ಹಳೇ ಸಾಮಾನು ಕಣೆ’ ಅಂದರು. ಸಾಮಾನು ಸದ್ದು ಮಾಡುತ್ತದೆಯೇ? ಆರು ತಿಂಗಳು ಸರಿಯಾಗಿ ನಿದ್ದೆ ಮಾಡಿದವಳಲ್ಲ. ಕೊನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸು, ಮಾತಿಗೆ ಮಾತು ಬಂದಾಗ ಹೇಳಿದಳು. ಭಾವನವರ ಮೊದಲ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಆ ಕೋಣೆಯಲ್ಲೇ ಹೋಗಿಬಿಟ್ಟಿದ್ದಳು. ಇಡೀ ಊರಿಗೆ ಗೊತ್ತು, ಅಡಿಕೆ ಸುಲಿಯುವವರಿಗೆ ಗೊತ್ತು, ನನ್ನೊಬ್ಬಳಿಗೆ ಗೊತ್ತಿಲ್ಲ.

ರಾತ್ರಿ ಇವರನ್ನು ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನೀನು ಹೆದರಿಕೊಳ್ತೀಯ ಅಂತ’ ಅಂದರು. ‘ಸತ್ತವಳ ಭಯ ನನಗಿಲ್ಲ. ಈಗ ನಿಮ್ಮ ಭಯ ಆಗ್ತಿದೆ’ ಅಂದೆ. ಆ ಮಾತು ಅವರಿಗೆ ಚುಚ್ಚಿತು, ನನಗೆ ಗೊತ್ತು. ಆದರೆ ಮಾರನೆಯ ಭಾನುವಾರ ಬೀಗದ ಕೈ ತಂದು ನನ್ನ ಕೈಯಲ್ಲೇ ಕೊಟ್ಟರು. ಒಳಗೆ ತೊಟ್ಟಿಲೊಂದಿತ್ತು, ನುಸಿ ತಿಂದ ರೇಷ್ಮೆ ಸೀರೆಯಿತ್ತು, ಅರ್ಧ ಖಾಲಿಯಾದ ತಲೆಗೆಣ್ಣೆಯ ಬಾಟಲಿ ಇತ್ತು. ಮಾಡಿನ ಸಂದಿಯಲ್ಲಿ ಕಬ್ಬೆಕ್ಕಿನ ಸಂಸಾರವಿತ್ತು. ಇಬ್ಬರೂ ಸೇರಿ ಗುಡಿಸಿದೆವು, ಕಿಟಕಿ ತೆಗೆದೆವು. ಅವಳದೊಂದು ಸಣ್ಣ ಫೋಟೊ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗಿಂತ ಚಿಕ್ಕವಳು. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ಅತ್ತೆ ಆ ದಿನ ಊಟ ಮಾಡಲಿಲ್ಲ, ಮರುದಿನ ತಾವೇ ಅದಕ್ಕೊಂದು ಹೂ ಇಟ್ಟರು. ಕಬ್ಬೆಕ್ಕು ಓಡಿಸಿದ ಮೇಲೂ ಒಂದೆರಡು ರಾತ್ರಿ ಸದ್ದು ಕೇಳಿಸಿತು. ಇಬ್ಬರೂ ಎದ್ದು ಕೂತು ಕೇಳಿಸಿಕೊಂಡೆವು.

ಇದನ್ನೆಲ್ಲ ಅನುಭವಿಸಿದ ಮೇಲೆ ನನಗೆ ‘ಡ್ರಾಕುಲಾ’ ಬೇರೆಯೇ ಪುಸ್ತಕವಾಗಿ ಕಂಡಿತು. ಸಿನಿಮಾದವರು ಕೋರೆಹಲ್ಲು, ಕರಿ ನಿಲುವಂಗಿ ತೋರಿಸಿ ತೋರಿಸಿ ಅದೊಂದು ಹೊಸ ದಂಪತಿಯ ಕಥೆ ಎನ್ನುವುದನ್ನೇ ಮರೆಸಿಬಿಟ್ಟಿದ್ದಾರೆ. ಬ್ರಾಮ್ ಸ್ಟೋಕರ್ ಅದನ್ನು ಪ್ರಕಟಿಸಿದ್ದು 1897ರಲ್ಲಿ. ಟ್ರಾನ್ಸಿಲ್ವೇನಿಯಾದಿಂದ ಅರೆಜೀವವಾಗಿ ತಪ್ಪಿಸಿಕೊಂಡು ಬಂದ ಜೊನಾಥನ್ ಹಾರ್ಕರ್ ಬುಡಾಪೆಸ್ಟಿನ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಮೀನಾ ಅಲ್ಲಿಗೇ ಹೋಗಿ ಮದುವೆಯಾಗುತ್ತಾಳೆ. ಕಂಡದ್ದು ನಿಜವೋ ಹುಚ್ಚೋ ಅವನಿಗೇ ತಿಳಿಯದು. ತನ್ನ ದಿನಚರಿಯನ್ನು ಅವಳ ಕೈಗಿಟ್ಟು, ಬೇಕಾದರೆ ಓದು, ಆದರೆ ನನಗೆ ನೆನಪು ಮಾಡಬೇಡ ಅನ್ನುತ್ತಾನೆ. ಅವಳು ಅದನ್ನು ಬಿಳಿ ಕಾಗದದಲ್ಲಿ ಸುತ್ತಿ, ತನ್ನ ಕೊರಳಿನ ನೀಲಿ ರಿಬ್ಬನ್ನಿನಿಂದ ಕಟ್ಟಿ, ಅರಗು ಹಾಕಿ, ಮದುವೆಯ ಉಂಗುರವನ್ನೇ ಒತ್ತಿ ಮುದ್ರೆ ಮಾಡುತ್ತಾಳೆ. ಇಂಥ ಪ್ರಣಯದೃಶ್ಯವನ್ನು ನಾನು ಬೇರೆಲ್ಲೂ ಓದಿಲ್ಲ. ಗುಟ್ಟನ್ನು ಇಟ್ಟುಕೊಂಡವನು ಗಂಡನಲ್ಲ, ಹೆಂಡತಿ. ಅದೂ ಅವನೇ ಕೊಟ್ಟದ್ದು.

ಲಂಡನ್ನಿನಲ್ಲಿ ಆ ಕೌಂಟ್ ಡ್ರಾಕುಲಾ ಕಣ್ಣಿಗೆ ಬಿದ್ದು ಗಂಡ ಕುಸಿದಾಗ ಅವಳು ಮುದ್ರೆ ಒಡೆಯುತ್ತಾಳೆ, ಓದುತ್ತಾಳೆ, ಟೈಪು ಮಾಡುತ್ತಾಳೆ. ಡಾಕ್ಟರ್ ವ್ಯಾನ್ ಹೆಲ್ಸಿಂಗ್ ‘ಇದೆಲ್ಲ ನಿಜ’ ಎಂದು ಬರೆದ ದಿನ ಜೊನಾಥನ್ ಎದ್ದು ನಿಲ್ಲುತ್ತಾನೆ. ಅವನನ್ನು ತಿನ್ನುತ್ತಿದ್ದದ್ದು ರಕ್ತಪಿಶಾಚಿಯಲ್ಲ, ತನ್ನ ಮೇಲೆ ತನಗೇ ಇದ್ದ ಸಂಶಯ. ಎಲ್ಲರ ದಿನಚರಿ, ಕಾಗದ, ತಂತಿಗಳನ್ನು ತಾರೀಖಿನಂತೆ ಜೋಡಿಸಿ ಪ್ರತಿ ತೆಗೆದವಳೂ ಮೀನಾಳೇ. ಶಾರ್ಟ್‌ಹ್ಯಾಂಡ್ ಬರುತ್ತದೆ, ರೈಲಿನ ವೇಳಾಪಟ್ಟಿ ಬಾಯಿಪಾಠ. ಮಾಯಾಖಡ್ಗಕ್ಕಿಂತ ಅವಳ ಟೈಪ್‌ರೈಟರ್ ಹರಿತ.

ಅಷ್ಟಾದ ಮೇಲೂ ಡ್ರಾಕುಲಾನ ಬೇಟೆಗೆ ಹೊರಟ ಆ ಗಂಡಸರು ಮಾಡಿದ್ದೇನು? ಇನ್ನು ಮುಂದಿನದು ಹೆಂಗಸರ ಕೆಲಸವಲ್ಲ ಎಂದು ಸಭೆ ನಿರ್ಣಯ ಮಾಡಿ ಅವಳನ್ನು ಹೊರಗಿಟ್ಟರು. ಅವಳ ಒಳ್ಳೆಯದಕ್ಕೇ. ಅವರು ಡ್ರಾಕುಲಾನ ಪೆಟ್ಟಿಗೆ ಹುಡುಕಿಕೊಂಡು ಹೋದ ರಾತ್ರಿಯೇ ಡ್ರಾಕುಲಾ ಅವಳ ಕೋಣೆಗೆ ಬಂದ. ಅವಳು ಬಿಳಿಚಿಕೊಳ್ಳುತ್ತಾ ಹೋದಳು, ತಾವು ಕೆಲಸದ ವಿಷಯ ಮಾತಾಡದೆ ಇದ್ದದ್ದು ಒಳ್ಳೆಯದೇ ಆಯಿತು ಎಂದು ಗಂಡ ಸಮಾಧಾನ ಮಾಡಿಕೊಂಡ. ಕೊನೆಗೊಂದು ರಾತ್ರಿ ಅವನು ಮಂಕುಹಿಡಿದು ಪಕ್ಕದಲ್ಲೇ ಬಿದ್ದಿರುವಾಗ ಆಗಬಾರದ್ದು ಆಗಿಹೋಯಿತು. ಅದೇ ರಾತ್ರಿ ಡ್ರಾಕುಲಾ ಎಲ್ಲ ಕಾಗದಪತ್ರ ಬೆಂಕಿಗೆ ಹಾಕುತ್ತಾನೆ. ಮೀನಾ ಟೈಪು ಮಾಡಿದ ಇನ್ನೊಂದು ಪ್ರತಿ ತಿಜೋರಿಯಲ್ಲಿದ್ದುದರಿಂದ ಕಥೆ ಉಳಿಯುತ್ತದೆ. ಆ ಬಳಿಕವೇ ಅವರು ಇನ್ನು ಅವಳಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂದು ಮಾತು ಕೊಡುವುದು. ಡ್ರಾಕುಲಾ ನದಿಯ ಯಾವ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಲೆಕ್ಕ ಹಾಕಿ ಹೇಳುವವಳೂ ಅವಳೇ. ಕೊನೆಯಲ್ಲಿ ಜೊನಾಥನ್ ಕೈಯಲ್ಲಿರುವುದು ಗೂರ್ಖರ ಖುಕ್ರಿ. ನಮ್ಮ ಕಡೆಯ ಆಯುಧ ಅಲ್ಲಿಗೆ ಹೇಗೆ ಹೋಯಿತು ಎನ್ನುವುದೇ ಆ ಸಾಮ್ರಾಜ್ಯದ ಕಥೆ, ಅದು ಇನ್ನೊಂದು ಕಾಗದಕ್ಕಿರಲಿ.

ನಿನ್ನದು ಫ್ಯಾಂಟಸಿ, ಏನು ಬೇಕಾದರೂ ಆಗಬಹುದು ಅನ್ನಬೇಡ. ದೆವ್ವಕ್ಕೆ ಕಟ್ಟುಪಾಡು ಇದ್ದಷ್ಟೂ ಭಯ ಜಾಸ್ತಿ. ನೆಸ್ಬಿಟ್ಟಳ ಯೋಧರಿಗೆ ವರ್ಷಕ್ಕೆ ಒಂದೇ ರಾತ್ರಿ. ಡ್ರಾಕುಲಾ ಮನೆಯವರೊಬ್ಬರು ಬಾ ಎನ್ನದೆ ಮೊದಲ ಸಲ ಹೊಸಿಲು ದಾಟುವಂತಿಲ್ಲ. ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಬರೆಯುತ್ತಿದ್ದರಲ್ಲ, ನೆನಪಿದೆಯೇ? ಅವರ ದೆವ್ವಕ್ಕೆ ಆಹ್ವಾನ ಬೇಕು, ನಮ್ಮದಕ್ಕೆ ವಾಯಿದೆ ಕೊಟ್ಟರೆ ಸಾಕು. ನಮ್ಮ ಕಚೇರಿಗಳಲ್ಲಿ ಪಳಗಿದ ದೆವ್ವವಿರಬೇಕು.

ಬಂಗಲೆಯ ಒಳಗಿನ ವಿವರವೂ ಇನ್ನಷ್ಟು ಬೇಕು. ಹಸಿರು ಗೋಡೆಕಾಗದ ಎಂದು ಒಂದು ಕಡೆ ಬರೆದಿದ್ದೀಯ. ಆ ಕಾಲದ ಎಷ್ಟೋ ಹಸಿರು ಬಣ್ಣದಲ್ಲಿ ಆರ್ಸೆನಿಕ್ ಇರುತ್ತಿತ್ತು, ಗೋಡೆಯೇ ವಿಷ. ಸಾವು ಆಗ ಅಟ್ಟದ ಮೇಲೆ ಅಡಗಿ ಕೂರುತ್ತಿರಲಿಲ್ಲ, ನಡುಮನೆಯಲ್ಲೇ ಇರುತ್ತಿತ್ತು. 1861ರ ಡಿಸೆಂಬರ್ 14ರಂದು ಆಲ್ಬರ್ಟ್ ಸತ್ತ ಮೇಲೆ ವಿಕ್ಟೋರಿಯಾ ರಾಣಿ ಅವನ ಕೋಣೆಯಲ್ಲಿ ದಿನಾ ಬಟ್ಟೆ ತೆಗೆದಿರಿಸಿ ಬಿಸಿನೀರು ಇಡಿಸುತ್ತಿದ್ದಳು. ತಾನು ಸಾಯುವ 1901ರವರೆಗೂ ಕಪ್ಪುಡುಗೆ ಬಿಡಲಿಲ್ಲ. ಸೂತಕದ ಒಡವೆಗೆಂದು ವಿಟ್ಬಿ ಊರಿನ ಜೆಟ್ ಎಂಬ ಕರಿಕಲ್ಲಿಗೆ ಎಲ್ಲಿಲ್ಲದ ಗಿರಾಕಿ ಬಂತು. ಅದೇ ವಿಟ್ಬಿಗೆ 1890ರಲ್ಲಿ ಹೋದ ಸ್ಟೋಕರ್, ಅಲ್ಲಿನ ಗ್ರಂಥಾಲಯದ ಪುಸ್ತಕವೊಂದರಲ್ಲಿ ಡ್ರಾಕುಲಾ ಎಂಬ ಹೆಸರು ಗುರುತು ಹಾಕಿಕೊಂಡ. ನೀನಿರುವಲ್ಲಿಂದ ದೂರವೇನಿಲ್ಲ. ಅಳಿಯಂದಿರ ಜೊತೆ ಹೋಗಿ ಅಲ್ಲಿನ 199 ಮೆಟ್ಟಿಲು ಹತ್ತಿ ಬಾ, ಮೊಣಕಾಲು ಗಟ್ಟಿಯಿರುವಾಗಲೇ.

ಅದಕ್ಕೂ ಮೊದಲು ಹಾವರ್ತ್‌ಗೆ ಹೋಗು. ಅಲ್ಲಿ ಸ್ಮಶಾನಕ್ಕೆ ಅಂಟಿಕೊಂಡ ಮನೆ ಬ್ರಾಂಟೆ ಸೋದರಿಯರದ್ದು. 1850ರಲ್ಲಿ ಸರ್ಕಾರದ ಇನ್‌ಸ್ಪೆಕ್ಟರ್ ಬ್ಯಾಬೇಜ್ ಬಂದು ಲೆಕ್ಕ ತೆಗೆದಾಗ, ಆ ಊರಿನ ನೂರಕ್ಕೆ 41ಕ್ಕಿಂತ ಹೆಚ್ಚು ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ರಾತ್ರಿ ಹೊತ್ತು ಮೂವರು ಅಕ್ಕತಂಗಿಯರೂ ಊಟದ ಮೇಜಿನ ಸುತ್ತ ನಡೆಯುತ್ತಾ, ಬರೆದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. 1848ರಲ್ಲಿ ಎಮಿಲಿ, 1849ರಲ್ಲಿ ಆನ್ ಹೋದರು. ‘ಜೇನ್ ಏರ್’ ಬರೆದ ಶಾರ್ಲೆಟ್ ಒಬ್ಬಳೇ ಆ ಮೇಜನ್ನು ಸುತ್ತುತ್ತಿದ್ದಳು, ಕೆಲಸದವಳು ಒಳಗಿನಿಂದ ಹೆಜ್ಜೆಯ ಸದ್ದು ಕೇಳಿ ಸಂಕಟಪಡುತ್ತಿದ್ದಳು. ಆ ಮನೆಗೆ ಮದುಮಗನಾಗಿ ಬಂದವನು ಆರ್ಥರ್ ನಿಕಲ್ಸ್. ಮದುವೆಯಾದದ್ದು 1854ರ ಜೂನ್ 29, ಅವಳು ತೀರಿಕೊಂಡದ್ದು 1855ರ ಮಾರ್ಚ್ 31. ಒಂಬತ್ತೇ ತಿಂಗಳು. ನಡುವೆ ಒಂದು ರಾತ್ರಿ ಬೆಂಕಿಯ ಮುಂದೆ ಕೂತಿದ್ದಾಗ ಅವಳು ಮೇಲೆ ಹೋಗಿ, ಹೊಸದಾಗಿ ಶುರು ಮಾಡಿದ್ದ ಕಥೆಯ ಹಾಳೆ ತಂದು ಗಂಡನಿಗೆ ಓದಿ ಹೇಳಿದಳಂತೆ. ನಿನ್ನ ಮೂರನೆಯ ಅಧ್ಯಾಯ ಮತ್ತೆ ಬರೆಯುವ ಮೊದಲು ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಾ.

ಇದೇ ನಿಕಲ್ಸ್ ಮಹಾಶಯ, ಹೆಂಡತಿ ತನ್ನ ಗೆಳತಿ ಎಲೆನ್‌ಗೆ ಬರೆಯುತ್ತಿದ್ದ ಕಾಗದಗಳನ್ನು ನೋಡಿ ಗಾಬರಿಯಾಗಿ, ಓದಿದ ಮೇಲೆ ಸುಟ್ಟುಬಿಡುತ್ತೇನೆಂದು ಎಲೆನ್ನಳಿಂದ ಮಾತು ತೆಗೆದುಕೊಂಡಿದ್ದ. ಅವಳು ಮಾತು ಕೊಟ್ಟಳು, ಆದರೆ ಸುಡದೆ ಇಟ್ಟುಕೊಂಡಳು. ನಾವಿವತ್ತು ಶಾರ್ಲೆಟ್ಟಳ ಮನೆಯೊಳಗಿನ ವಿಷಯ ಇಷ್ಟೆಲ್ಲ ಮಾತಾಡುವುದು ಆ ಕಾಗದಗಳ ಪುಣ್ಯದಿಂದ.

ಈ ಕಾಗದವನ್ನು ಅಳಿಯಂದಿರಿಗೂ ಓದಲು ಕೊಡು. ಅವರು ಸುಡು ಅಂದರೆ ಹೂಂ ಅನ್ನು, ಎಲೆನ್ ಮಾಡಿದ್ದನ್ನೇ ಮಾಡು. ನಿಮ್ಮ ಪಕ್ಕದ ಮನೆಯವರು ಬರುವ ತಿಂಗಳು ಊರಿಗೆ ಬರುತ್ತಾರೆಂದು ನಿನ್ನಮ್ಮ ಹೇಳಿದಳು. ಅವರ ಕೈಯಲ್ಲಿ ಮೆಂತ್ಯದ ಹಿಟ್ಟು, ಹುರಿಗಾಳು ಕಳಿಸುತ್ತೇನೆ. ನಾಲ್ಕನೆಯ ಅಧ್ಯಾಯವನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಕಳಿಸು.

ಇತಿ,
ನಿನ್ನ ದೊಡ್ಡಮ್ಮ